ಚಳಿಯೂ ಮೋಟಾರು ಗಾಡಿಯೂ

ಕಳೆದ ಚಳಿಗಾಲದ ರಜೆ ಮುಗಿದು ಶಾಲೆ ತೆರೆದ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಬಳಿಗೆ ಬಂದು, "ಸಾರ್, ನೀರು ಕಬ್ಬಿಣವನ್ನು ಒಡೆಯಬಲ್ಲುದೇ?" ಎಂದು ಕೇಳಿದಳು. ಪ್ರಶ್ನೆ ವಿಚಿತ್ರವಾಗಿ ಕಂಡಿತು. ಆದರೆ ಅದರ ಹಿಂದಿನ ಕಥೆಯನ್ನು ಕೇಳಿದ ಮೇಲೆ, ಈ ಪ್ರಶ್ನೆಗೆ ತರಗತಿಯ ಹಲಗೆಯ ಮೇಲೆ ಮಾತ್ರವಲ್ಲದೆ ನಮ್ಮ ವಾರ್ಷಿಕ ಸಂಚಿಕೆಯಲ್ಲಿಯೂ ಉತ್ತರ ಬರೆಯುವುದು ಒಳ್ಳೆಯದೆಂದು ನಮಗೆ ತೋರಿತು.

ಆ ಹುಡುಗಿಯ ತಂದೆಯವರು ಹುಬ್ಬಳ್ಳಿಯಿಂದ ದೆಹಲಿಗೆ ವರ್ಗವಾಗಿ ಬಂದವರು. ಬರುವಾಗ ತಮ್ಮ ಹಳೆಯ ಕಾರನ್ನೂ ತಂದಿದ್ದರು. ಮಕ್ಕಳಿಗೆ ಹಿಮವನ್ನು ತೋರಿಸಬೇಕೆಂಬ ಆಸೆಯಿಂದ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಮನಾಲಿಗೆ ಹೋದರು. ಅಲ್ಲಿಂದ ಮುಂದೆ, ೨೦೨೦ರಲ್ಲಿ ತೆರೆದ ಸುಮಾರು ೯ ಕಿಲೋಮೀಟರು ಉದ್ದದ ಅಟಲ್ ಸುರಂಗವನ್ನು ದಾಟಿ ಕೇಲಾಂಗ್ ಎಂಬ ಊರಿನಲ್ಲಿ ರಾತ್ರಿ ಉಳಿದುಕೊಂಡರು. ಗಾಡಿ ರಾತ್ರಿಯೆಲ್ಲ ಬಯಲಿನಲ್ಲಿ ನಿಂತಿತ್ತು. ಬೆಳಿಗ್ಗೆ ಅದನ್ನು ನಡೆಸಲು ಹೋದಾಗ ಮೊದಲು ಕಿರ್ರೆಂದು ಒಂದು ಸದ್ದು, ಸ್ವಲ್ಪ ಹೊತ್ತಿನಲ್ಲಿ ಆವಿ, ಅನಂತರ ನೆಲದ ಮೇಲೆಲ್ಲ ನೀರು! ಇಂಜಿನ್ನಿನ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಬಿರುಕು ಬಿಟ್ಟಿತ್ತು. ಗಾಡಿಯನ್ನು ಲಾರಿಯ ಮೇಲೆ ಹೇರಿ ಕೆಳಗೆ ತರಬೇಕಾಯಿತು. ಅಜ್ಜಿಯೂ ತಾಯಿಯೂ ಮಕ್ಕಳೂ ಗಂಟುಮೂಟೆಗಳೊಡನೆ ಬಸ್ಸಿನಲ್ಲಿ ಮರಳಿದರು. "ನೀರು ತಾನೇ, ಯಾವ ನೀರಾದರೇನು ಎಂದುಕೊಂಡು ವರ್ಷಗಟ್ಟಲೆ ನಲ್ಲಿಯ ನೀರನ್ನೇ ತುಂಬುತ್ತ ಬಂದೆ" ಎಂದು ಆ ಗೃಹಸ್ಥರು ನಮ್ಮೊಡನೆ ಹೇಳಿ ಪೇಚಾಡಿದರು.

ಅವರು ಮಾಡಿದ ತಪ್ಪು ಅಜ್ಞಾನದ್ದೇ ಹೊರತು ಅಲಕ್ಷ್ಯದ್ದಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ ೧೮೮೪ರ ಜನವರಿಯಲ್ಲಿ ಬಂದ ೭.೮ ಡಿಗ್ರಿ ಸೆಂಟಿಗ್ರೇಡ್. ಅಂಥ ಹವೆಯಲ್ಲಿ ಬೆಳೆದವರಿಗೆ ಗಾಡಿಯೊಳಗಿನ ನೀರು ಕಲ್ಲಾಗಬಹುದೆಂಬ ಯೋಚನೆ ಏಕೆ ಬಂದೀತು? ದೆಹಲಿಯ ಚಳಿ ನಮ್ಮನ್ನು ನಡುಗಿಸುವುದು ನಿಜ. ೨೦೨೧ರ ಜನವರಿ ೧ರ ಬೆಳಿಗ್ಗೆ ಸಫ್ದರ್‌ಜಂಗ್‌ನಲ್ಲಿ ೧.೧ ಡಿಗ್ರಿಯವರೆಗೆ ಇಳಿದಿತ್ತು. ಆದರೂ ಇಲ್ಲಿ ಉಷ್ಣತೆ ಸೊನ್ನೆಯನ್ನು ಮುಟ್ಟುವುದು ತೀರ ಅಪರೂಪ. ಬೆಟ್ಟದ ನಾಡಿನ ಮಾತು ಬೇರೆ. ಸುಮಾರು ೩,೫೦೦ ಮೀಟರು ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವುದು ಸಾಮಾನ್ಯ. ಕಾರ್ಗಿಲ್ ದಾರಿಯ ದ್ರಾಸ್ ಎಂಬಲ್ಲಿ ಅದು ಇಪ್ಪತ್ತಕ್ಕೂ ಕೆಳಗಿಳಿಯುತ್ತದೆ. ದೆಹಲಿಯಿಂದ ಒಂದೇ ಹಗಲಿನ ಪ್ರಯಾಣದಲ್ಲಿ ನಾವು ಇಂಥ ಚಳಿಯ ಬಾಗಿಲಿಗೆ ಹೋಗಿ ನಿಲ್ಲಬಹುದಾದುದರಿಂದ ಈ ವಿಷಯವನ್ನು ಇಲ್ಲಿನ ಮಕ್ಕಳು ತಿಳಿದಿರುವುದು ಅವಶ್ಯಕ.

ಇಂಜಿನ್ನಿಗೆ ನೀರೇಕೆ?

ಮೋಟಾರು ಗಾಡಿಯ ಇಂಜಿನ್ನಿನೊಳಗೆ ಪೆಟ್ರೋಲು ಅಥವಾ ಡೀಸೆಲು ಗಾಳಿಯೊಡನೆ ಬೆರೆತು ಉರಿಯುತ್ತದೆ. ಉರಿಯುವ ಆ ಕ್ಷಣದಲ್ಲಿ ಅಲ್ಲಿನ ಅನಿಲದ ಉಷ್ಣತೆ ಎರಡು ಸಾವಿರ ಡಿಗ್ರಿಗಳಷ್ಟಾಗುವುದುಂಟು. ಈ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಮಿಕ್ಕ ಪಾಲನ್ನು ಯಾರಾದರೂ ಹೊತ್ತುಕೊಂಡು ಹೋಗದಿದ್ದರೆ ಲೋಹದ ಭಾಗಗಳು ಕಾದು, ಹಿಗ್ಗಿ, ಒಂದಕ್ಕೊಂದು ಕಚ್ಚಿಕೊಂಡು ಯಂತ್ರವೇ ನಿಂತುಹೋಗುವುದು. ಅಲ್ಯೂಮಿನಿಯಂ ಕರಗುವುದಕ್ಕೆ ೬೬೦ ಡಿಗ್ರಿ ಸಾಕೆಂಬುದನ್ನು ನೆನೆದರೆ ಅಪಾಯದ ಅರಿವಾಗುತ್ತದೆ.

ಈ ಶಾಖವನ್ನು ಹೊರುವ ಕೂಲಿಯಾಳೇ ನೀರು. ಇಂಜಿನ್ನಿನ ಗೋಡೆಗಳೊಳಗೆ ಅದಕ್ಕಾಗಿಯೇ ಕಾಲುವೆಗಳನ್ನು ಮಾಡಿರುತ್ತಾರೆ. ಒಂದು ಪಂಪು ನೀರನ್ನು ಈ ಕಾಲುವೆಗಳಲ್ಲಿ ಹರಿಸುತ್ತದೆ. ಕಾದ ನೀರು ರಬ್ಬರು ಕೊಳವೆಯ ಮೂಲಕ ಗಾಡಿಯ ಮುಂಭಾಗದಲ್ಲಿರುವ ರೇಡಿಯೇಟರಿಗೆ ಬಂದು, ಅಲ್ಲಿನ ಸಣ್ಣ ಸಣ್ಣ ನಳಿಕೆಗಳಲ್ಲಿ ಹರಿಯುವಾಗ ಗಾಳಿಗೆ ತನ್ನ ಶಾಖವನ್ನು ಒಪ್ಪಿಸಿ, ತಣ್ಣಗಾಗಿ ಮತ್ತೆ ಇಂಜಿನ್ನಿಗೆ ಮರಳುತ್ತದೆ. ಗಾಡಿ ನಡೆಯುತ್ತಿರುವವರೆಗೂ ಈ ಸುತ್ತು ನಿಲ್ಲುವುದಿಲ್ಲ. ನಡೆಯುವ ಗಾಡಿಯಲ್ಲಿ ಈ ನೀರಿನ ಉಷ್ಣತೆ ಸಾಧಾರಣವಾಗಿ ೯೦ ಡಿಗ್ರಿಯ ಸುತ್ತಮುತ್ತ ಇರುತ್ತದೆ.

ನೀರು ಕಬ್ಬಿಣವನ್ನು ಒಡೆಯುವ ಬಗೆ

ಹೆಚ್ಚಿನ ದ್ರವಗಳು ಹೆಪ್ಪುಗಟ್ಟುವಾಗ ಕುಗ್ಗುತ್ತವೆ. ನೀರು ಹಾಗಲ್ಲ. ತಣ್ಣಗಾಗುತ್ತ ಬಂದಂತೆ ೪ ಡಿಗ್ರಿಯವರೆಗೆ ಅದು ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಮತ್ತೆ ಹಿಗ್ಗತೊಡಗಿ, ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ತಟಕ್ಕನೆ ಉಬ್ಬುತ್ತದೆ. ನೂರು ಲೋಟ ನೀರು ಗಡ್ಡೆಯಾದರೆ ಸುಮಾರು ನೂರ ಒಂಬತ್ತು ಲೋಟಗಳ ಜಾಗವನ್ನು ಬೇಡುತ್ತದೆ. ಇದಕ್ಕೆ ಕಾರಣವೇನೆಂದರೆ, ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಒಂದು ಕ್ರಮದಲ್ಲಿ ಕೈ ಕೈ ಹಿಡಿದು ನಿಲ್ಲುತ್ತವೆ. ಹಾಗೆ ನಿಂತಾಗ ನಡುನಡುವೆ ತೆರಪು ಉಳಿಯುತ್ತದೆ. ಸಂತೆಯಲ್ಲಿ ಒತ್ತಿಕೊಂಡು ನಿಂತ ಜನರೇ ಕೈ ಚಾಚಿ ಕೋಲಾಟಕ್ಕೆ ನಿಂತರೆ ಹೆಚ್ಚು ಸ್ಥಳ ಬೇಕಾಗುವುದಿಲ್ಲವೇ? ಹಾಗೆಯೇ ಇದು.

ತೆರೆದ ಪಾತ್ರೆಯಲ್ಲಿ ನೀರು ಹೆಪ್ಪುಗಟ್ಟಿದರೆ ಮೇಲಕ್ಕೆ ಉಬ್ಬಿ ಸುಮ್ಮನಾಗುತ್ತದೆ. ಇಂಜಿನ್ನಿನ ಕಾಲುವೆಗಳಾದರೋ ಎಲ್ಲ ಕಡೆಯೂ ಮುಚ್ಚಿಕೊಂಡಿವೆ. ಉಬ್ಬಲು ದಾರಿಯಿಲ್ಲದ ಗಡ್ಡೆ ಗೋಡೆಗಳನ್ನು ಒಳಗಿನಿಂದ ತಳ್ಳುತ್ತದೆ. ಎರಕದ ಕಬ್ಬಿಣ ಬಾಗುವ ಗುಣವುಳ್ಳದ್ದಲ್ಲವಾದುದರಿಂದ ಬಿರಿಯುತ್ತದೆ. ರೇಡಿಯೇಟರಿನ ತೆಳುವಾದ ನಳಿಕೆಗಳೂ ಸೀಳುವುದುಂಟು. ಅನೇಕ ಇಂಜಿನ್ನುಗಳ ಪಕ್ಕದಲ್ಲಿ ನಾಣ್ಯದಂಥ ದುಂಡನೆಯ ಲೋಹದ ಮುಚ್ಚಳಗಳನ್ನು ನೀವು ನೋಡಬಹುದು. ಎರಕ ಹೊಯ್ಯುವಾಗ ಒಳಗೆ ತುಂಬಿದ್ದ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳನ್ನು ಮುಚ್ಚುವುದಕ್ಕಾಗಿ ಅವನ್ನು ಬಡಿದಿರುತ್ತಾರೆ. ಕೆಲವು ವೇಳೆ ಮಂಜುಗಡ್ಡೆಯ ಒತ್ತಡಕ್ಕೆ ಮೊದಲು ಈ ಮುಚ್ಚಳಗಳು ಹಾರಿ ಇಂಜಿನ್ನು ಉಳಿದುಕೊಳ್ಳುತ್ತದೆ. ಆದರೆ ಅದು ಅದೃಷ್ಟವೇ ಹೊರತು ರಕ್ಷಣೆಯಲ್ಲ.

ಇನ್ನೊಂದು ಸೋಜಿಗವನ್ನೂ ಹೇಳಬೇಕು. ಚಳಿಯಲ್ಲಿ ಹೆಪ್ಪುಗಟ್ಟಿದ ಇಂಜಿನ್ನು ಕಾದು ಕೆಡುವುದೂ ಉಂಟು! ರೇಡಿಯೇಟರಿನಲ್ಲಿ ಗಡ್ಡೆ ಕಟ್ಟಿಕೊಂಡರೆ ನೀರು ಸುತ್ತಲಾರದು. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ನಿಂತ ನೀರು ಕುದಿಯತೊಡಗುತ್ತದೆ. ಆ ದಿನ ಬೆಳಿಗ್ಗೆ ಕೇಳಿಬಂದ ಕಿರ್ರೆಂಬ ಸದ್ದು ಗಡ್ಡೆಯಲ್ಲಿ ಸಿಕ್ಕಿಕೊಂಡ ಪಂಪನ್ನು ತಿರುಗಿಸಲಾರದೆ ಜಾರುತ್ತಿದ್ದ ಪಟ್ಟಿಯದು. ಬಳಿಕ ಕಂಡ ಆವಿಗೂ ಇದೇ ಕಾರಣ.

ಕುಲ್ಫಿಯವನ ಉಪಾಯ

ನೀರನ್ನು ಹೆಪ್ಪುಗಟ್ಟದಂತೆ ತಡೆಯುವ ಉಪಾಯವನ್ನು ನೀವು ಬೀದಿಯಲ್ಲಿಯೇ ನೋಡಿರುವಿರಿ. ಕುಲ್ಫಿ ಮಾಡುವವನು ಮಡಕೆಯಲ್ಲಿ ಮಂಜುಗಡ್ಡೆಯ ಚೂರುಗಳನ್ನು ತುಂಬಿ ಮೇಲೆ ಉಪ್ಪನ್ನು ಎರಚುತ್ತಾನೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಸೊನ್ನೆಗಿಂತ ೨೧ ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರಬಲ್ಲುದು. ನೀರಿನ ಅಣುಗಳು ಕೋಲಾಟಕ್ಕೆ ಸಾಲಾಗಿ ನಿಲ್ಲಬೇಕೆನ್ನುವಾಗ ಹೊರಗಿನವರು ನಡುವೆ ನುಗ್ಗಿ ಸಾಲು ಕೂಡದಂತೆ ಮಾಡುತ್ತಾರೆಂದು ಭಾವಿಸಿರಿ. ಸಾಲು ಕೂಡಬೇಕಾದರೆ ಚಳಿ ಇನ್ನೂ ಹೆಚ್ಚಬೇಕು.

ಹಾಗಾದರೆ ರೇಡಿಯೇಟರಿಗೆ ಉಪ್ಪನ್ನೇ ಹಾಕಬಾರದೇಕೆ? ಉಪ್ಪುನೀರು ಲೋಹವನ್ನು ಬೇಗ ತಿಂದುಬಿಡುತ್ತದೆ. ಸಕ್ಕರೆಯನ್ನು ಹಾಕಿದರೆ ಅಂಟು ಕಟ್ಟಿಕೊಂಡು ನಳಿಕೆಗಳು ಮುಚ್ಚಿಹೋಗುವುವು. ಹಿಂದಿನ ಕಾಲದಲ್ಲಿ ಶೀತದೇಶಗಳ ಜನರು ಮದ್ಯಸಾರವನ್ನು ಬೆರೆಸುತ್ತಿದ್ದರು. ಅದು ಇಂಜಿನ್ನಿನ ಶಾಖಕ್ಕೆ ಆವಿಯಾಗಿ ಹಾರಿಹೋಗುತ್ತಿತ್ತು. ಗ್ಲಿಸರಿನ್ನನ್ನೂ ಬಳಸಿ ನೋಡಿದರು. ಕೊನೆಗೆ ನೆಲೆನಿಂತದ್ದು ಎಥಿಲೀನ್ ಗ್ಲೈಕಾಲ್ ಎಂಬ ದ್ರವ. ಇದನ್ನು ಮೊದಲು ತಯಾರಿಸಿದವನು ವುರ್ಟ್ಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ, ೧೮೫೬ರಲ್ಲಿ. ಇದಕ್ಕೆ ಬಣ್ಣವಿಲ್ಲ. ನೀರಿಗಿಂತ ತುಸು ಭಾರ, ತುಸು ಮಂದ. ನೀರಿನೊಡನೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ೧೯೭ ಡಿಗ್ರಿಯವರೆಗೆ ಕುದಿಯದಾದುದರಿಂದ ಸುಲಭವಾಗಿ ಹಾರಿಹೋಗುವುದಿಲ್ಲ. ಇದಕ್ಕೆ ತುಕ್ಕು ತಡೆಯುವ ಮದ್ದುಗಳನ್ನೂ ಬಣ್ಣವನ್ನೂ ಸೇರಿಸಿ ಡಬ್ಬಿಗಳಲ್ಲಿ ಮಾರುತ್ತಾರೆ. ಪುಸ್ತಕಗಳಲ್ಲಿ ಇದರ ಹೆಸರು ಆಂಟಿಫ್ರೀಜ್. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಕರೆಯುವುದು ಕೂಲೆಂಟ್ ಎಂದು.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೇ?

ಇಲ್ಲಿ ಅನೇಕರು ಎಡವುತ್ತಾರೆ. ನೀರನ್ನು ಪೂರ್ತಿ ಬಿಟ್ಟು ಬರಿಯ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಕ್ಷೇಮವೆಂದು ತೋರಬಹುದು. ನಿಜಸ್ಥಿತಿ ಹಾಗಿಲ್ಲ. ಬರಿಯ ಗ್ಲೈಕಾಲ್ ಸೊನ್ನೆಗಿಂತ ಸುಮಾರು ೧೩ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಆದರೆ ನೀರೂ ಗ್ಲೈಕಾಲೂ ಸಮಸಮವಾಗಿ ಬೆರೆತ ದ್ರವ ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಕೆಳಗಿನವರೆಗೆ ತಡೆದುಕೊಳ್ಳುತ್ತದೆ! ನೂರರಲ್ಲಿ ನಲವತ್ತು ಪಾಲು ಗ್ಲೈಕಾಲ್ ಇದ್ದರೆ ಸುಮಾರು ೨೪ ಡಿಗ್ರಿ ಕೆಳಗೆ, ಮೂವತ್ತು ಪಾಲಿದ್ದರೆ ಸುಮಾರು ೧೪ ಡಿಗ್ರಿ ಕೆಳಗೆ, ಅರುವತ್ತು ಪಾಲಿದ್ದರೆ ೫೦ ಡಿಗ್ರಿಗೂ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಎಪ್ಪತ್ತು ಪಾಲಿನ ಆಚೆಗೆ ಲಾಭ ತಿರುಗಿ ನಷ್ಟವಾಗತೊಡಗುವುದು. ಗ್ಲೈಕಾಲಿನ ಅಣುಗಳು ನೀರಿಗೆ ಸಾಲು ಕೂಡಗೊಡವು. ನೀರಿನ ಅಣುಗಳು ಗ್ಲೈಕಾಲಿಗೆ ಸಾಲು ಕೂಡಗೊಡವು. ಇಬ್ಬರೂ ಇದ್ದರೆ ಮಾತ್ರ ಕೆಲಸ ಸಾಗುವುದು. ಅಲ್ಲದೆ ಶಾಖವನ್ನು ಹೊರುವುದರಲ್ಲಿ ಗ್ಲೈಕಾಲ್ ನೀರಿನಷ್ಟು ಸಮರ್ಥವಲ್ಲ. ಆದುದರಿಂದಲೇ ಸಾಮಾನ್ಯವಾಗಿ ಸಮಪಾಲನ್ನು ಹೇಳುತ್ತಾರೆ.

ಈ ದ್ರವದಿಂದ ಬೇಸಿಗೆಯಲ್ಲಿಯೂ ಪ್ರಯೋಜನವುಂಟು. ಸಮಪಾಲಿನ ಮಿಶ್ರಣ ನೂರಕ್ಕೆ ಬದಲು ಸುಮಾರು ೧೦೭ ಡಿಗ್ರಿಯಲ್ಲಿ ಕುದಿಯುತ್ತದೆ. ರೇಡಿಯೇಟರಿನ ಬಿಗಿಯಾದ ಮುಚ್ಚಳ ಒಳಗೆ ಒತ್ತಡವನ್ನು ಕಾಯ್ದಿಡುವುದರಿಂದ ಕುದಿಯುವ ಉಷ್ಣತೆ ಇನ್ನೂ ಮೇಲೇರುತ್ತದೆ. ಎತ್ತರದ ಊರುಗಳಲ್ಲಿ ಇದರ ಬೆಲೆ ತಿಳಿಯುವುದು. ಲೇಹ್‌ನಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ತೆರೆದ ಪಾತ್ರೆಯ ನೀರು ಸುಮಾರು ೮೮ ಡಿಗ್ರಿಗೇ ಕುದಿದುಬಿಡುತ್ತದೆ. ಮುಚ್ಚಳ ಸಡಿಲವಾಗಿ ಒಳಗೆ ಬರಿಯ ನೀರಿದ್ದರೆ ಗಾಡಿಯ ಗತಿಯೇನೆಂಬುದನ್ನು ನೀವೇ ಊಹಿಸಿರಿ.

ಪರೀಕ್ಷಿಸುವ ಕ್ರಮ

ಮೊದಲನೆಯ ನಿಯಮವನ್ನು ಎಂದಿಗೂ ಮರೆಯಬಾರದು: ಇಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಕೂಡದು. ಬಿಸಿಯಾದಾಗ ತೆರೆದರೆ ಒತ್ತಡದಲ್ಲಿದ್ದ ದ್ರವ ಚಿಲುಮೆಯಂತೆ ಚಿಮ್ಮಿ ಮುಖವನ್ನೂ ಕೈಗಳನ್ನೂ ಸುಡುತ್ತದೆ. ಮಕ್ಕಳು ಈ ಕೆಲಸವನ್ನು ಹಿರಿಯರೊಡನೆ ನಿಂತೇ ಮಾಡಬೇಕು. ಬೆಳಿಗ್ಗೆ ಗಾಡಿಯನ್ನು ನಡೆಸುವುದಕ್ಕೆ ಮುಂಚಿನ ಹೊತ್ತು ಇದಕ್ಕೆ ಪ್ರಶಸ್ತ.

ಈಗಿನ ಗಾಡಿಗಳಲ್ಲಿ ಇಂಜಿನ್ನಿನ ಪಕ್ಕದಲ್ಲಿ ಮಸುಕಾದ ಬಿಳಿಯ ಪ್ಲಾಸ್ಟಿಕ್ ತೊಟ್ಟಿಯೊಂದಿರುತ್ತದೆ. ಅದರ ಮೇಲೆ ಕನಿಷ್ಠ, ಗರಿಷ್ಠ ಎಂಬ ಎರಡು ಗೆರೆಗಳಿರುವುವು. ದ್ರವದ ಮಟ್ಟ ಈ ಎರಡರ ನಡುವೆ ಇರಬೇಕು. ಹೊರಗಿನಿಂದಲೇ ಕಾಣುವುದರಿಂದ ಇದನ್ನು ನೋಡಲು ಏನನ್ನೂ ತೆರೆಯಬೇಕಾಗಿಲ್ಲ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿದು ಗ್ಯಾರೇಜಿಗೆ ಒಯ್ಯಬೇಕು.

ಎರಡನೆಯದಾಗಿ ಬಣ್ಣವನ್ನು ನೋಡಬೇಕು. ದ್ರವ ತಿಳಿಯಾಗಿರಬೇಕು. ತುಕ್ಕಿನ ಕಂದು ಬಣ್ಣ ಬಂದಿದ್ದರೆ ಅದನ್ನು ಬದಲಾಯಿಸುವ ಕಾಲ ಬಂದಿತೆಂದು ಅರ್ಥ. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಒಳಗಿನ ದೋಷ ದೊಡ್ಡದಿರಬಹುದು. ಅದನ್ನು ಬಲ್ಲವರಿಗೆ ತೋರಿಸಬೇಕು. ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಬಣ್ಣಗಳು ಹಲವು. ಬಣ್ಣವನ್ನು ನೋಡಿ ಜಾತಿಯನ್ನು ನಿರ್ಧರಿಸಬಾರದು. ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಬಣ್ಣಗಳನ್ನು ಹಾಕುತ್ತವೆ. ಯಾವ ಗಾಡಿಗೆ ಯಾವ ಬಗೆಯೆಂಬುದನ್ನು ಗಾಡಿಯೊಡನೆ ಬಂದ ಕೈಪಿಡಿಯಲ್ಲಿ ಓದಿಯೇ ತಿಳಿಯಬೇಕು. ಬಗೆಬಗೆಯವನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುವುದು. ಕೆಲವು ವೇಳೆ ಗಷ್ಟು ಕಟ್ಟುವುದೂ ಉಂಟು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮಿಶ್ರಣದ ಬಲ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ಹೆಚ್ಚಾಗಿ ಬೆರೆತಿದ್ದರೂ ದ್ರವ ಹಸಿರಾಗಿಯೇ ತೋರುತ್ತದೆ. ಇದನ್ನು ಅಳೆಯಲು ಹೈಡ್ರೋಮೀಟರ್ ಎಂಬ ಸರಳ ಸಾಧನವುಂಟು. ರಬ್ಬರಿನ ಬುರುಡೆಯನ್ನು ಅದುಮಿ ಬಿಟ್ಟರೆ ದ್ರವ ಕೊಳವೆಯೊಳಕ್ಕೆ ಏರುತ್ತದೆ. ಒಳಗಿನ ಮುಳ್ಳು ಅಥವಾ ಬಣ್ಣದ ಗುಂಡುಗಳು ಅದರಲ್ಲಿ ತೇಲುವುವು. ಪ್ರಯೋಗಶಾಲೆಯಲ್ಲಿ ನೀವು ಕಲಿತ ಆರ್ಕಿಮಿಡೀಸನ ತತ್ತ್ವವೇ ಇಲ್ಲಿ ಕೆಲಸ ಮಾಡುತ್ತಿದೆ. ನೀರಿನ ಸಾಂದ್ರತೆ ೧ ಆದರೆ ಗ್ಲೈಕಾಲಿನದು ೧.೧೧. ಸಮಪಾಲಿನ ಮಿಶ್ರಣದ್ದು ಸುಮಾರು ೧.೦೭. ಗ್ಲೈಕಾಲ್ ಹೆಚ್ಚಿದಷ್ಟೂ ದ್ರವ ಭಾರವಾಗಿ ಹೆಚ್ಚು ಗುಂಡುಗಳು ತೇಲುತ್ತವೆ. ಎಷ್ಟು ತೇಲಿದರೆ ಎಷ್ಟು ಚಳಿಯನ್ನು ತಡೆದೀತೆಂಬುದನ್ನು ಸಾಧನದ ಮೇಲೆಯೇ ಬರೆದಿರುತ್ತಾರೆ. ಒಳಗೆ ಗಾಳಿಯ ಗುಳ್ಳೆಗಳಿದ್ದರೆ ಗುಂಡುಗಳಿಗೆ ಅಂಟಿಕೊಂಡು ಸುಳ್ಳು ಹೇಳಿಸುತ್ತವೆ. ಆದುದರಿಂದ ಮೆಲ್ಲನೆ ತಟ್ಟಿ ಅವನ್ನು ಬಿಡಿಸಬೇಕು. ಒಮ್ಮೆ ನೋಡಿ ನಂಬದೆ ಎರಡು ಮೂರು ಸಲ ನೋಡಬೇಕು.

ಇದಕ್ಕಿಂತ ಸೂಕ್ಷ್ಮವಾದುದು ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ದ್ರವವನ್ನಿಟ್ಟು ಬೆಳಕಿನ ಕಡೆಗೆ ಹಿಡಿದು ನೋಡಿದರೆ, ಬೆಳಕು ಎಷ್ಟು ಬಾಗಿತೆಂಬುದರಿಂದ ಬಲವನ್ನು ತೋರಿಸುತ್ತದೆ. ಕೆಲವು ಡಬ್ಬಿಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ಬೇರೊಂದು ದ್ರವವಿರುತ್ತದೆ. ಅದರ ಸಾಂದ್ರತೆ ನೀರಿನದಕ್ಕೆ ಹತ್ತಿರವಾದುದರಿಂದ ಸಾಮಾನ್ಯ ಹೈಡ್ರೋಮೀಟರು ಅಲ್ಲಿ ಮೋಸಹೋಗುವುದು. ಆ ದ್ರವಕ್ಕೆ ಹೊಂದುವ ಅಳತೆಪಟ್ಟಿಯುಳ್ಳ ಸಾಧನವೇ ಬೇಕು.

ಒಂದು ಸಣ್ಣ ಲೆಕ್ಕ

ಆ ಹುಡುಗಿಯ ತಂದೆಯವರಿಗೆ ಆದುದೇನೆಂಬುದನ್ನು ಲೆಕ್ಕದಿಂದ ತಿಳಿಯೋಣ. ಗಾಡಿಯಲ್ಲಿ ೬ ಲೀಟರು ದ್ರವ ಹಿಡಿಯುವುದೆಂದೂ ಮೊದಲು ಸಮಪಾಲಿನಂತೆ ೩ ಲೀಟರು ಗ್ಲೈಕಾಲ್ ಇದ್ದಿತೆಂದೂ ಇಟ್ಟುಕೊಳ್ಳಿರಿ. ಒಂದು ಲೀಟರು ಸೋರಿಹೋಯಿತು, ಅದಕ್ಕೆ ಬದಲು ನಲ್ಲಿಯ ನೀರನ್ನು ತುಂಬಿದರು. ಈಗ ಉಳಿದ ಗ್ಲೈಕಾಲ್ ೨.೫ ಲೀಟರು. ಹೀಗೆಯೇ ಮೂರು ಸಲ ಆದರೆ ಉಳಿಯುವುದು ಸುಮಾರು ೧.೭೪ ಲೀಟರು, ಎಂದರೆ ನೂರಕ್ಕೆ ೨೯ ಪಾಲು. ಸೊನ್ನೆಗಿಂತ ೩೭ ಡಿಗ್ರಿ ಕೆಳಗಿನ ಚಳಿಗೆ ಜಗ್ಗದಿದ್ದ ದ್ರವ ಈಗ ೧೪ ಡಿಗ್ರಿಯ ಬಳಿಯೇ ಸೋಲುತ್ತದೆ. ವರ್ಷಗಟ್ಟಲೆ ಹೀಗೆ ಮಾಡುತ್ತ ಬಂದರೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಬರಿಯ ನೀರೇ. ತೊಟ್ಟಿ ಮಾತ್ರ ತುಂಬಿಯೇ ಕಾಣುತ್ತಿರುವುದು!

ಇದನ್ನು ಸರಿಪಡಿಸುವ ಲೆಕ್ಕವೂ ಕಷ್ಟವಲ್ಲ. ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ಪಾಲು ಗ್ಲೈಕಾಲ್ ಇದೆಯೆಂದು ತಿಳಿಯಿತೆನ್ನಿ. ೬ ಲೀಟರಿನಲ್ಲಿ ೧.೫ ಲೀಟರನ್ನು ಹೊರಕ್ಕೆ ಬಿಟ್ಟರೆ ಉಳಿದ ೪.೫ ಲೀಟರಿನಲ್ಲಿ ೧.೫ ಲೀಟರು ಗ್ಲೈಕಾಲ್ ಇರುತ್ತದೆ. ಅದಕ್ಕೆ ೧.೫ ಲೀಟರು ನೀರು ಬೆರೆಸದ ಕೂಲೆಂಟನ್ನು ಸುರಿದರೆ ಒಟ್ಟು ೩ ಲೀಟರಾಗಿ ಸಮಪಾಲು ಮರಳಿ ಬರುವುದು. ಬೀಜಗಣಿತವನ್ನು ಕಲಿತವರು ಇದನ್ನು ಸಮೀಕರಣವಾಗಿ ಬರೆದು ನೋಡಬಹುದು.

ತುಂಬುವ ಕ್ರಮ

ಅಂಗಡಿಯಲ್ಲಿ ಎರಡು ಬಗೆಯ ಡಬ್ಬಿಗಳು ದೊರೆಯುವುವು. ಒಂದು ನೀರು ಬೆರೆಸಿ ಸಿದ್ಧವಾಗಿರುವುದು. ಇನ್ನೊಂದು ನಾವೇ ನೀರನ್ನು ಬೆರೆಸಬೇಕಾದ ಗಟ್ಟಿ ದ್ರವ. ಡಬ್ಬಿಯ ಮೇಲಿನ ಬರಹವನ್ನು ಓದದೆ ಕೊಂಡು, ಸಿದ್ಧವಾದುದಕ್ಕೆ ಮತ್ತೆ ನೀರನ್ನು ಬೆರೆಸಿದರೆ ಬಲ ಅರ್ಧಕ್ಕಿಳಿಯುತ್ತದೆ. ಬೆರೆಸುವ ನೀರು ಬಟ್ಟಿಯಿಳಿಸಿದ್ದಾಗಿರಬೇಕು. ಬ್ಯಾಟರಿಗೆ ಹಾಕುವ ಶುದ್ಧಜಲ ನಡೆಯುತ್ತದೆ. ನಲ್ಲಿಯ ನೀರಿನಲ್ಲಿ ಲವಣಗಳಿರುವುದರಿಂದ, ಬಿಸಿನೀರಿನ ಹಂಡೆಯಲ್ಲಿ ಕರೆ ಕಟ್ಟುವಂತೆ ನಳಿಕೆಗಳಲ್ಲಿಯೂ ಕರೆ ಕಟ್ಟಿಕೊಳ್ಳುವುದು.

ಗಟ್ಟಿ ದ್ರವವನ್ನೂ ನೀರನ್ನೂ ಶುಚಿಯಾದ ಪಾತ್ರೆಯಲ್ಲಿ ಮೊದಲು ಬೆರೆಸಿ ಅನಂತರ ಸುರಿಯುವುದು ಲೇಸು. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು. ತುಂಬಿದ ಮೇಲೆ ಇಂಜಿನ್ನನ್ನು ನಡೆಯಿಸಿ, ಗಾಡಿಯೊಳಗಿನ ಹೀಟರನ್ನು ಪೂರ್ತಿ ತಿರುಗಿಸಿಟ್ಟು ಬಿಸಿಯಾಗಗೊಡಬೇಕು. ಆಗ ಹೊಸ ದ್ರವ ಎಲ್ಲ ಕಾಲುವೆಗಳಲ್ಲಿಯೂ ಸುತ್ತಿ ಹಳೆಯದರೊಡನೆ ಬೆರೆಯುತ್ತದೆ, ಸಿಕ್ಕಿಕೊಂಡ ಗಾಳಿಯೂ ಹೊರಬೀಳುತ್ತದೆ. ಇದನ್ನು ಬಯಲಿನಲ್ಲಿಯೇ ಮಾಡಬೇಕು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ನಿನ ಹೊಗೆ ಪ್ರಾಣಾಂತಕವಾದುದು. ಮತ್ತೆ ತಣ್ಣಗಾದ ಮೇಲೆ ಮಟ್ಟವನ್ನೂ ಬಲವನ್ನೂ ಇನ್ನೊಮ್ಮೆ ನೋಡಬೇಕು. ತುಕ್ಕು ತಡೆಯುವ ಮದ್ದು ಕಾಲಕ್ರಮದಲ್ಲಿ ಸವೆಯುವುದರಿಂದ ಹಳೆಯ ಬಗೆಯವನ್ನು ಎರಡು ವರ್ಷಕ್ಕೊಮ್ಮೆಯೂ, ಹೊಸ ಬಗೆಯ ಕೆಲವನ್ನು ಐದು ವರ್ಷಕ್ಕೊಮ್ಮೆಯೂ ಬದಲಾಯಿಸುವ ವಾಡಿಕೆಯುಂಟು. ಇಲ್ಲಿಯೂ ಕೈಪಿಡಿಯ ಮಾತೇ ಪ್ರಮಾಣ.

ಬೆಟ್ಟದಲ್ಲಿ ಎಲ್ಲವೂ ಹೆಪ್ಪುಗಟ್ಟಿದೆಯೆಂಬ ಸಂಶಯ ಬಂದರೆ ಇಂಜಿನ್ನನ್ನು ನಡೆಸಲು ಹೋಗಬಾರದು. ಕುದಿಯುವ ನೀರನ್ನು ಸುರಿಯಲೂಬಾರದು. ತಟ್ಟನೆ ಬಿಸಿಯಾದ ಲೋಹ ಅದರಿಂದಲೂ ಬಿರಿಯುತ್ತದೆ. ಗಾಡಿಯನ್ನು ಬೆಚ್ಚಗಿನ ಸ್ಥಳಕ್ಕೆ ತಳ್ಳಿ ತಾನಾಗಿ ಕರಗಲು ಬಿಟ್ಟು, ಎಲ್ಲಿಯಾದರೂ ಸೋರುವುದೋ ಎಂದು ನೋಡಿದ ಮೇಲೆಯೇ ಮುಂದಿನ ಮಾತು. ಕೂಲೆಂಟು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಬೆಟ್ಟದ ಚಾಲಕರು ಸಂಜೆ ರೇಡಿಯೇಟರಿನ ನೀರನ್ನೆಲ್ಲ ಹೊರಕ್ಕೆ ಬಿಟ್ಟು, ಬೆಳಿಗ್ಗೆ ಬೆಚ್ಚಗಿನ ನೀರನ್ನು ತುಂಬಿ ಹೊರಡುತ್ತಿದ್ದರು. ಬೀಸುವ ಗಾಳಿ ಗಾಡಿಯ ನೀರನ್ನು ಇನ್ನಷ್ಟು ತಣ್ಣಗೆ ಮಾಡೀತೇ ಎಂದು ಕೆಲವರು ಕೇಳುವುದುಂಟು. ಗಾಳಿ ಬೀಸಿದರೆ ಬೇಗ ತಣಿಯುತ್ತದೆ ಅಷ್ಟೇ. ಸುತ್ತಲಿನ ಹವೆಯ ಉಷ್ಣತೆಗಿಂತ ಕೆಳಗೆ ಅದು ಇಳಿಯಲಾರದು.

ಸಿಹಿಯಾದ ವಿಷ

ಕೊನೆಯದಾಗಿ ಹೇಳುವ ಮಾತು ಎಲ್ಲಕ್ಕಿಂತ ಹೆಚ್ಚಿನದು. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಹೊಟ್ಟೆಗೆ ಸೇರಿದ ಮೇಲೆ ಅದು ದೇಹದಲ್ಲಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸ್ವಲ್ಪವೇ ಕುಡಿದರೂ ಪ್ರಾಣಕ್ಕೆ ಅಪಾಯವುಂಟು. ಬಣ್ಣ ಬಣ್ಣವಾಗಿ ಶರಬತ್ತಿನಂತೆ ಕಾಣುವುದರಿಂದ ಚಿಕ್ಕ ಮಕ್ಕಳು ಮೋಸಹೋಗುವುದು ಸುಲಭ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕುಗಳು ನೆಕ್ಕಿ ಸಾಯುವುದುಂಟು. ಆದುದರಿಂದ ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೆಂದಿಗೂ ತುಂಬಿಡಕೂಡದು. ಅದರ ಡಬ್ಬಿಯಲ್ಲಿಯೇ, ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆಟುಕದಂತೆ ಇಡಬೇಕು. ಚೆಲ್ಲಿದ್ದನ್ನು ಕೂಡಲೆ ಒರೆಸಿ ನೀರಿನಿಂದ ತೊಳೆಯಬೇಕು. ಹಳೆಯ ದ್ರವವನ್ನು ಚರಂಡಿಗೂ ತೋಟಕ್ಕೂ ಸುರಿಯದೆ ಗ್ಯಾರೇಜಿನವರಿಗೆ ಒಪ್ಪಿಸಬೇಕು. ಯಾರಾದರೂ ಕುಡಿದರೆಂಬ ಅನುಮಾನ ಬಂದರೂ ಸಾಕು, ಲಕ್ಷಣಗಳು ಕಾಣಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು. ಇದಕ್ಕೆ ಮದ್ದುಂಟು, ಆದರೆ ಅದು ಬೇಗ ಸಿಕ್ಕಿದರೆ ಮಾತ್ರ ಫಲಕಾರಿ.

ಈ ಕಾರಣದಿಂದಲೇ, ಮನೆಯಲ್ಲಿ ಪ್ರಯೋಗ ಮಾಡಿ ನೋಡುವ ಉತ್ಸಾಹಿಗಳು ಕೂಲೆಂಟನ್ನು ಮುಟ್ಟದೆ ಔಷಧದ ಅಂಗಡಿಯಲ್ಲಿ ದೊರೆಯುವ ಗ್ಲಿಸರಿನ್ನನ್ನು ತರಲಿ. ಒಂದು ಪ್ಲಾಸ್ಟಿಕ್ ಲೋಟದಲ್ಲಿ ಮುಕ್ಕಾಲು ಭಾಗ ನೀರು, ಇನ್ನೊಂದರಲ್ಲಿ ಅಷ್ಟೇ ಎತ್ತರಕ್ಕೆ ನೀರೂ ಗ್ಲಿಸರಿನ್ನೂ ಸಮಪಾಲಾಗಿ ಬೆರೆತ ದ್ರವ. ಎರಡರ ಹೊರಗೂ ಮಟ್ಟಕ್ಕೆ ಗೆರೆ ಎಳೆದು ರಾತ್ರಿ ಫ್ರಿಜ್ಜಿನ ಮೇಲಂತಸ್ತಿನಲ್ಲಿ, ಮಂಜುಗಡ್ಡೆ ಮಾಡುವ ಭಾಗದಲ್ಲಿ ಇಡಿರಿ. ಬೆಳಿಗ್ಗೆ ನೋಡಿದರೆ ಮೊದಲನೆಯದು ಗೆರೆಯನ್ನು ಮೀರಿ ಉಬ್ಬಿ ಗಡ್ಡೆಯಾಗಿರುವುದು. ಎರಡನೆಯದು ಮಂದವಾಗಿದ್ದರೂ ಓಲಾಡುತ್ತಿರುವುದು. ಗಾಜಿನ ಲೋಟವನ್ನು ಮಾತ್ರ ಬಳಸಬೇಡಿರಿ. ಏಕೆಂಬುದನ್ನು ಇನ್ನು ನಾವು ಹೇಳಬೇಕಾಗಿಲ್ಲ.

ಆ ಹುಡುಗಿಯ ಮನೆಯವರು ಇಂಜಿನ್ನನ್ನು ದುರಸ್ತಿ ಮಾಡಿಸಿಕೊಂಡು ಈ ವರ್ಷವೂ ಕೇಲಾಂಗಿಗೆ ಹೋಗುವ ಸಿದ್ಧತೆಯಲ್ಲಿದ್ದಾರೆ. ಹೋದ ವಾರ ಅವಳು ತನ್ನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯನ್ನು ತೆರೆದು ನಮಗೆ ತೋರಿಸಿದಳು. "ಮಟ್ಟ ಸರಿಯಿದೆ. ಬಣ್ಣ ತಿಳಿ. ಮೂರು ಸಲ ಅಳೆದೆವು: ಸೊನ್ನೆಗಿಂತ ೩೫ ಡಿಗ್ರಿ ಕೆಳಗೆ. ಅಪ್ಪನೂ ನೋಡಿದರು" ಎಂದು ದಿನಾಂಕದೊಡನೆ ಬರೆದಿದ್ದಳು. ಉಳಿದ ಡಬ್ಬಿಯನ್ನು ಎಲ್ಲಿಟ್ಟಿರುವೆಯೆಂದು ಕೇಳಿದೆವು. ತಮ್ಮನಿಗೆ ನಿಲುಕದಂತೆ ಅಟ್ಟದ ಮೇಲೆ ಅಜ್ಜಿಯೇ ಇಡಿಸಿದ್ದಾರೆಂದು ಹೇಳಿದಳು.

ನೀರು ಕಬ್ಬಿಣವನ್ನು ಒಡೆಯಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಹೌದೆಂದೇ. ಆದರೆ ಚಳಿ ಬರುವುದಕ್ಕೆ ಮೊದಲೇ ಎರಡು ಗಳಿಗೆ ಬಿಡುವು ಮಾಡಿಕೊಂಡು ಅಳೆದು ನೋಡುವವರ ಮನೆಯಲ್ಲಿ ಅದು ಒಡೆಯಲಾರದು. ನಮ್ಮ ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿ ತಮ್ಮ ತಮ್ಮ ಮನೆಯ ಹಿರಿಯರೊಡನೆ ನಿಂತು ಗಾಡಿಯ ಮುಂಭಾಗವನ್ನು ಒಮ್ಮೆ ತೆರೆದು ನೋಡಲೆಂಬುದೇ ನಮ್ಮ ಹಾರೈಕೆ.